ಎರಡು ಬೆರಳು ಜಾಸ್ತಿ

ನಮ್ಮ ಆಸ್ಪತ್ರೆಯ ಲಿಫ್ಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಗುಂಡಿ ಒತ್ತಿದರೆ ನನ್ನ ಕೋಣೆ ಸಿಗುತ್ತದೆ. ಬೇಕೆಂದು ಯಾರೂ ಅದನ್ನು ಒತ್ತುವುದಿಲ್ಲ. ಮೇಲಕ್ಕೆ ಹೋಗಬೇಕಾದವರು ಗಾಬರಿಯಲ್ಲಿ ಕೆಳಕ್ಕೆ ಬಂದುಬಿಡುತ್ತಾರೆ. ಬಾಗಿಲು ತೆರೆದರೆ ಎದುರಿಗೆ ಹೊಲಿಗೆ ಯಂತ್ರ, ಹರಿದ ಹಾಸುಬಟ್ಟೆಗಳ ರಾಶಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತ ನಾನು. "ಅಯ್ಯೋ, ತಪ್ಪಿ ಬಂದ್ವಿ" ಎನ್ನುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಹನ್ನೊಂದು ವರ್ಷದಿಂದ ದಿನಕ್ಕೆ ಐದಾರು ಸಲ ಇದೇ ಮಾತು. ಕೆಲವು ದಿನ ಅದನ್ನು ಬಿಟ್ಟರೆ ಮನುಷ್ಯರ ಮಾತು ನನ್ನ ಕಿವಿಗೆ ಬೀಳುವುದೇ ಇಲ್ಲ.

ಆಸ್ಪತ್ರೆಗೂ ದರ್ಜಿ ಬೇಕೇ ಎಂದು ಕೇಳುವವರಿದ್ದಾರೆ. ಹಾಸಿಗೆಯ ಮೇಲೆ ಮಲಗಿದವರಿಗೆ ಡಾಕ್ಟರು ಕಾಣಿಸುತ್ತಾರೆ, ಹಾಸುಬಟ್ಟೆ ಕಾಣಿಸುವುದಿಲ್ಲ. ದಿಂಬಿನ ಚೀಲ, ಬೆನ್ನಿಗೆ ಲಾಡಿ ಕಟ್ಟುವ ಅಂಗಿ, ಆಪರೇಷನ್ನಿಗೆ ಹೊದಿಸುವ ನಡುವೆ ಕಿಂಡಿಯಿರುವ ಹಸಿರು ಬಟ್ಟೆ, ಎಲ್ಲವೂ ನನ್ನ ಕೈಯಿಂದ ಹೋಗಬೇಕು. ಇನ್ನೊಂದು ಬಟ್ಟೆಯೂ ಹೋಗುತ್ತದೆ. ಬಿಳಿಯದು, ಮೂರು ಅಳತೆಯದು. ಯಾರಾದರೂ ತೀರಿಕೊಂಡರೆ ಮೇಲಿನಿಂದ ಒಂದು ಚೀಟಿ ಬರುತ್ತದೆ. ಚೀಟಿಯಲ್ಲಿ ಹೆಸರಿಲ್ಲ, ವಾರ್ಡಿಲ್ಲ. ದೊಡ್ಡದು, ಮಧ್ಯಮ, ಚಿಕ್ಕದು, ಅಷ್ಟೇ. ಚಿಕ್ಕವನ್ನು ನಾನು ಕಪಾಟಿನ ತೀರಾ ಕೆಳಗೆ ಇಟ್ಟಿದ್ದೇನೆ. ಬಗ್ಗಿ ತೆಗೆಯುವಾಗ ಸೊಂಟ ನೋಯುತ್ತದೆ, ನೋಯಲಿ ಎಂದೇ ಇಟ್ಟಿದ್ದೇನೆ.

ಇಲ್ಲಿಗೆ ಬರುವ ಮೊದಲು ನನಗೆ ಒಂದು ಅಂಗಡಿಯಿತ್ತು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದೆ. ಅಮ್ಮಂದಿರು ಮಕ್ಕಳನ್ನು ನನ್ನ ಮುಂದೆ ನಿಲ್ಲಿಸಿ, "ಸ್ವಲ್ಪ ದೊಡ್ಡದಾಗೇ ಇರ್ಲಿ, ಬೆಳೆಯೋ ಮಗು" ಎನ್ನುತ್ತಿದ್ದರು. ಹೇಳದಿದ್ದರೂ ನಾನು ಬಿಡುತ್ತಿದ್ದೆ. ನನ್ನ ಹೆಂಡತಿ ಗುಂಡಿ ಹಾಕುತ್ತಾ, "ಮಕ್ಕಳ ಬಟ್ಟೆಗೆ ಎರಡು ಬೆರಳು ಜಾಸ್ತಿ ಬಿಡಿ. ನಾವು ಕೊಡೋ ಆಶೀರ್ವಾದ ಅದೊಂದೇ" ಎನ್ನುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಊರಿನ ಮಕ್ಕಳಿಗೆಲ್ಲ ಎರಡೆರಡು ಬೆರಳು ಹಂಚಿ ಅವಳು ಒಂಬತ್ತು ವರ್ಷದ ಹಿಂದೆ ಹೋಗಿಬಿಟ್ಟಳು. ಈಗಲೂ ಬೆಳಗ್ಗೆ ಕೈ ತಾನಾಗಿ ಎರಡು ಲೋಟ ತೆಗೆಯುತ್ತದೆ. ಒಂದನ್ನು ಮತ್ತೆ ಕವುಚಿಡುತ್ತೇನೆ.

ಆ ದಿನ ಬೆಳಗ್ಗೆ ಲಿಫ್ಟಿನ ಬಾಗಿಲು ತೆರೆದಾಗ ನಾನು ತಲೆ ಎತ್ತಲೂ ಇಲ್ಲ.

"ಮಕ್ಕಳ ವಾರ್ಡಾ? ಮೂರನೇ ಮಹಡಿ" ಎಂದೆ.

"ನಂಗೇ ದಾರಿ ಹೇಳ್ತೀರಾ ಮಾಸ್ಟ್ರೇ?"

ಮಕ್ಕಳ ತೀವ್ರ ನಿಗಾ ಘಟಕದ ಮುಖ್ಯ ನರ್ಸು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಾರೆ. ಆಳು ನನ್ನ ಹೆಗಲಿಗೂ ಬರುವುದಿಲ್ಲ, ಆದರೆ ಡಾಕ್ಟರುಗಳೂ ಅವರ ಮುಂದೆ ಮೆಲ್ಲಗೆ ಮಾತಾಡುತ್ತಾರೆ. ಮೇಜಿನ ಮೇಲೆ ಒಂದು ಪುಟ್ಟ ಟೋಪಿ ಇಟ್ಟರು. ಅದರ ಎರಡೂ ಕಡೆ ಅಂಟುಪಟ್ಟಿಗಳಿದ್ದವು.

"ಇಂಥದ್ದು ಒಂದು ಬೇಕು. ಇವತ್ತೇ. ಇದು ಮೂರು ಸೈಜಲ್ಲಿ ಬರತ್ತೆ, ನಡುವಿಂದು ಖಾಲಿಯಾಗಿದೆ. ಹೊಸದು ಬರೋಕೆ ಎರಡು ದಿನ ಆಗತ್ತಂತೆ. ಸಣ್ಣದು ಹಾಕಿದ್ರೆ ಕಣ್ಣು ಊದ್ಕೊಳತ್ತೆ, ದೊಡ್ಡದು ಹಾಕಿದ್ರೆ ಜಾರತ್ತೆ."

"ಟೋಪಿ ಜಾರಿದ್ರೆ ಏನು ಮುಳುಗಿಹೋಗತ್ತೆ?"

 ಅವರು ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕೂತು ಬಿಡಿಸಿ ಹೇಳಿದರು. ಒಂಬತ್ತು ತಿಂಗಳ ಹೆಣ್ಣು ಮಗು, ಶ್ವಾಸಕೋಶದ ಸೋಂಕು. ಹನ್ನೆರಡು ದಿನ ಗಂಟಲಿಗೆ ನಳಿಕೆ ಹಾಕಿ ವೆಂಟಿಲೇಟರಿನಲ್ಲಿ ಇಟ್ಟಿದ್ದರು. ಐದು ದಿನದ ಹಿಂದೆ ಒಮ್ಮೆ ನಳಿಕೆ ತೆಗೆದರೆ ಮಗು ಸುಸ್ತಾಗಿ, ಮತ್ತೆ ಹಾಕಬೇಕಾಯಿತು. ನಿನ್ನೆ ಎರಡನೇ ಸಲ ತೆಗೆದಿದ್ದಾರೆ.

"ಉಸಿರು ಅದೇ ಎಳ್ಕೊಳತ್ತೆ. ಆದ್ರೆ ಹಿಂದಿನಿಂದ ಸ್ವಲ್ಪ ಗಾಳಿ ತಳ್ಳಿಕೊಡ್ತಾ ಇರ್ಬೇಕು. ಸೈಕಲ್ ಕಲಿಯೋರ ಸೀಟ್ ಹಿಡ್ಕೊಂಡು ಹಿಂದೆ ಓಡ್ತೀವಲ್ಲ, ಹಾಗೆ. ಆ ಗಾಳಿ ಮೂಗಿನ ಮೇಲಿರೋ ಮಾಸ್ಕಿಂದ ಹೋಗತ್ತೆ. ಮಾಸ್ಕ್ ಹಿಡ್ಕೊಳೋದು ಟೋಪಿ. ಟೋಪಿ ಜಾರಿದ್ರೆ ಗಾಳಿ ಸೋರತ್ತೆ, ಮಷೀನ್ ಕೂಗತ್ತೆ, ಮಗು ಪಕ್ಕೆ ಒಳಗೆ ಎಳ್ಕೊಳಕ್ಕೆ ಶುರು ಮಾಡತ್ತೆ. ಸಂಜೆವರೆಗೆ ಹೀಗೇ ಆದ್ರೆ ಮತ್ತೆ ನಳಿಕೆ ಹಾಕ್ಬೇಕು ಅಂತಿದಾರೆ ಡಾಕ್ಟರು. ಮೂರನೇ ಸಲ." ಅವರು ಎದ್ದರು. "ಆ ಮಗುಗೆ ಅದನ್ನ ತಡ್ಕೊಳೋ ಶಕ್ತಿ ಇದೆ ಅಂತ ನಂಗನ್ಸಲ್ಲ ಮಾಸ್ಟ್ರೇ."

ತಲೆಯ ಸುತ್ತಳತೆಯ ಚೀಟಿ ಕೊಟ್ಟು ಹೋದರು. ನಾನು ಪೆಟ್ಟಿಗೆ ತೆರೆದೆ. ತಳದಲ್ಲಿ ಅಂಗಡಿಯ ಕಾಲದ ಹಳದಿ ಬಟ್ಟೆಯ ತುಂಡೊಂದಿತ್ತು. ಆಟದ ದಿನಕ್ಕೆ ಮಕ್ಕಳಿಗೆ ಹೊಲಿದು ಉಳಿದ ಬನಿಯನ್ ಬಟ್ಟೆ, ಬೆಣ್ಣೆಯ ಹಾಗೆ ಮೆತ್ತಗಿದ್ದದ್ದು. ಕುದಿವ ನೀರಲ್ಲಿ ಹಾಕಿ ಒಗೆದು, ಇಸ್ತ್ರಿಯಲ್ಲೇ ಒಣಗಿಸಿದೆ. ಗಂಟೆಯೊಳಗೆ ಟೋಪಿ ಸಿದ್ಧ. ಸೊಗಸಾಗಿ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆಯಾಳ ಕೈಯಲ್ಲಿ ಕಳಿಸಿದೆ. ಬಹಳ ವರ್ಷದ ಮೇಲೆ ಮಗುವೊಂದಕ್ಕೆ ಹೊಲಿದೆನಲ್ಲ ಎಂದು ಸಿಳ್ಳೆ ಕೂಡ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಸಿಸ್ಟರ್ ಮತ್ತೆ ಬಂದರು. ಈ ಸಲ ಕೂರಲಿಲ್ಲ. ಹಳದಿ ಟೋಪಿಯನ್ನು ನನ್ನ ಯಂತ್ರದ ಮೇಲೆ ಎಸೆದರು.

"ಅಳತೆ ಕೊಟ್ಟಿದ್ದೆ ತಾನೇ? ಹತ್ತು ನಿಮಿಷಕ್ಕೊಂದು ಸಲ ಜಾರ್ತಿದೆ!"

"ಮಾಸ್ಕೇ ಸರಿ ಇಲ್ವೇನೋ" ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟೇಪ್ ಹಿಡಿದು ನೋಡಿ."

ಹಿಡಿದು ನೋಡಿದೆ. ಎರಡು ಬೆರಳು ಜಾಸ್ತಿಯಿತ್ತು.

ನಾನು ಬೇಕೆಂದು ಬಿಟ್ಟದ್ದಲ್ಲ. ಮಗು ಎಂದ ಕೂಡಲೇ ಕತ್ತರಿ ತಾನಾಗಿ ಗೆರೆಯಿಂದ ಆಚೆಗೆ ಸರಿದಿತ್ತು. ನಲವತ್ತು ವರ್ಷದ ಅಭ್ಯಾಸ. ಅದನ್ನು ಬಾಯಿಬಿಟ್ಟು ಹೇಳಲೂ ನಾಚಿಕೆಯಾಯಿತು. "ಬೆಳೆಯೋ ಮಗು ಅಂತ..." ಎಂದು ಗೊಣಗಿದೆ.

"ಬೆಳೆಯೋದು ಆಮೇಲೆ. ಮೊದಲು ಸಂಜೆವರೆಗೆ ಉಸಿರಾಡ್ಲಿ. ಬನ್ನಿ ಮೇಲೆ, ನಿಮ್ಮ ಕೈಯಾರೆ ಅಳತೆ ತಗೊಳ್ಳಿ."

ಹನ್ನೊಂದು ವರ್ಷದಲ್ಲಿ ನಾನು ಮೂರನೇ ಮಹಡಿಯ ಆ ಬಾಗಿಲು ದಾಟಿರಲಿಲ್ಲ. ಕೈ ತೊಳೆಸಿದರು, ನಾನೇ ಹೊಲಿದ ಅಂಗಿಯೊಂದನ್ನು ನನಗೇ ತೊಡಿಸಿದರು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಗು ಮಲಗಿತ್ತು. ಹುಬ್ಬು ಗಂಟಿಕ್ಕಿ ಎಲ್ಲರನ್ನೂ ತಪಾಸಣೆ ಮಾಡುವಂತೆ ನೋಡುತ್ತಿದ್ದರಿಂದ ನರ್ಸುಗಳು ಅವಳನ್ನು ಮೇಡಂ ಎಂದು ಕರೆಯುತ್ತಿದ್ದರು. ಮುಖದ ಅರ್ಧ ಮಾಸ್ಕೇ ಇತ್ತು; ಮೂಗಿಗಿಂತ ಮೂಗುತಿ ಭಾರ ಎನ್ನುವಂತೆ. ಅತ್ತರೆ ಬಾಯಿ ತೆರೆಯುತ್ತಿತ್ತು, ಸ್ವರ ಬರುತ್ತಿರಲಿಲ್ಲ. ನಳಿಕೆ ಇದ್ದ ಗಂಟಲು, ನಾಲ್ಕಾರು ದಿನ ಹಾಗೇ ಎಂದರು ಸಿಸ್ಟರ್. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

ಮಗುವಿನ ತಾಯಿ ಹಾಸಿಗೆಗೆ ಬಗ್ಗಿ ನಿಂತಿದ್ದಳು. ಎರಡು ಬೆರಳಿನಿಂದ ಮಾಸ್ಕನ್ನು ಮಗುವಿನ ಮೂಗಿಗೆ ಒತ್ತಿ ಹಿಡಿದಿದ್ದಳು. ಜೋರಾಗಿ ಒತ್ತಿದರೆ ಚರ್ಮ ಕಿತ್ತುಬರುತ್ತದೆ, ಸಡಿಲ ಬಿಟ್ಟರೆ ಗಾಳಿ ಸೋರುತ್ತದೆ. ಬೆಳಗ್ಗೆಯಿಂದ ಹಾಗೇ ನಿಂತಿದ್ದಾಳೆ, ನರ್ಸು ಬಿಡಿಸಲು ಬಂದರೂ ಕೈ ಕೊಡುತ್ತಿಲ್ಲ ಎಂದರು. ಅವಳ ಮೊಣಕೈ ನಡುಗುತ್ತಿತ್ತು. ಬೆರಳು ಮಾತ್ರ ಅಲುಗಿರಲಿಲ್ಲ.

ನನ್ನನ್ನು ಕಂಡು ಅವಳು ಮಗುವಿನ ಕಿವಿಗೆ ಬಗ್ಗಿದಳು. "ಪುಟ್ಟಿ, ನೋಡು, ಟೋಪಿ ತಾತ ಬಂದಿದಾರೆ. ಅಳತೆ ಕೊಡ್ತೀಯಾ?"

ತಾತ ಎಂದು ಅದುವರೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಕರೆಯಬೇಕಾದವರು ಹುಟ್ಟಲೇ ಇಲ್ಲವಲ್ಲ. ಮೇಡಂ ಹುಬ್ಬು ಗಂಟಿಕ್ಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ತಲೆ ನನ್ನ ಒಂದು ಅಂಗೈಯಲ್ಲಿ ಕೂರುವಷ್ಟಿತ್ತು, ಬಿಸಿಯಾಗಿತ್ತು. ಹಣೆಯಿಂದ ಹಿಂದಲೆಗೆ, ಕಿವಿಯಿಂದ ಕಿವಿಗೆ, ಗಲ್ಲದ ಕೆಳಗೆ ಅಳತೆ ತೆಗೆದೆ. ಹಿಂದಲೆ ಸ್ವಲ್ಪ ಉಬ್ಬಿತ್ತು. ಚೀಟಿಯ ಒಂದು ಅಂಕಿಯಲ್ಲಿ ಅದು ಗೊತ್ತಾಗುವಂಥದ್ದಲ್ಲ.

"ತಾತ, ಈ ಸಲ ಜಾರಲ್ಲ ಅಲ್ವಾ?" ಎಂದಳು ತಾಯಿ.

"ಜಾರಲ್ಲ ಕಣಮ್ಮ" ಎಂದೆ. ಕೆಳಗಿಳಿದೆ.

ಬಟ್ಟೆ ಹರಡಿ ಗೆರೆ ಎಳೆದೆ. ಕತ್ತರಿ ಎತ್ತಿಕೊಂಡೆ. ಗೆರೆಯ ಮೇಲೆ ಇಟ್ಟೆ. ಕತ್ತರಿಸಲಾಗಲಿಲ್ಲ.

ಯಾಕೆಂದು ಹೇಳಿಬಿಡುತ್ತೇನೆ. ಈ ಕೋಣೆಯಲ್ಲಿ ಮಕ್ಕಳಿಗಾಗಿ ನಾನು ಅಳತೆಗೆ ಸರಿಯಾಗಿ, ಒಂದು ನೂಲೂ ಜಾಸ್ತಿ ಬಿಡದೆ ಕತ್ತರಿಸುವುದು ಒಂದೇ ಬಟ್ಟೆಯನ್ನು. ಕಪಾಟಿನ ತಳದಲ್ಲಿರುವುದನ್ನು. ಅದಕ್ಕೆ ಬೆಳೆಯಲು ಜಾಗ ಬಿಡಬೇಕಾಗಿಲ್ಲ. ಈಗ ಉಸಿರಿಗಾಗಿ ಒದ್ದಾಡುತ್ತಿರುವ ಮಗುವಿಗೆ ಅದೇ ಕೈ ಅದೇ ರೀತಿ ಕತ್ತರಿಸಬೇಕು. ಮೂಢನಂಬಿಕೆ ಎನ್ನಿ, ಮುದಿತನದ ಭ್ರಮೆ ಎನ್ನಿ. ನನಗೆ ಭಯವಾಯಿತು. ಹೆಂಡತಿಯ ಮಾತು ಕಿವಿಯಲ್ಲೇ ಇತ್ತು. ಬಿಟ್ಟರೆ ಟೋಪಿ ಜಾರುತ್ತದೆ, ಬಿಡದಿದ್ದರೆ ನನ್ನ ಕೈ ನಡೆಯುವುದಿಲ್ಲ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಮೇಲೆ ಅವಳು ಬೆರಳು ಒತ್ತಿಕೊಂಡು ನಿಂತಿದ್ದಾಳೆ, ನಾನಿಲ್ಲಿ ಕತ್ತರಿ ಹಿಡಿದು ಕೂತಿದ್ದೇನೆ. ಕೇಳೋಣವೆಂದರೆ ಕೋಣೆಯಲ್ಲಿ ಇನ್ನೊಬ್ಬರಿಲ್ಲ.

"ಏನೇ ಮಾಡ್ಲಿ?" ಎಂದು ಜೋರಾಗಿಯೇ ಕೇಳಿದೆ. ಅವಳಿದ್ದಿದ್ದರೆ ಬೈಯುತ್ತಿದ್ದಳು. ಲಂಗ ಉದ್ದವಾದರೆ ಏನು ಮಾಡ್ತೀರಿ, ಕತ್ತರಿಸಿ ಬಿಸಾಡ್ತೀರಾ, ಎನ್ನುತ್ತಿದ್ದಳು. ಉದ್ದವಾದ ಲಂಗಕ್ಕೆ ಅವಳು ಕೆಳಗೆ ಎರಡು ಮಡಿಕೆ ಹಿಡಿದು ಹೊಲಿಯುತ್ತಿದ್ದಳು. ವರ್ಷಕ್ಕೊಂದು ಬಿಚ್ಚಿದರೆ ಮಗುವಿನ ಜೊತೆ ಲಂಗವೂ ಬೆಳೆಯುತ್ತಿತ್ತು.

ಗೆರೆಯಿಂದ ಎರಡು ಬೆರಳು ಆಚೆಗೇ ಕತ್ತರಿಸಿದೆ. ಆಮೇಲೆ ಆ ಎರಡು ಬೆರಳನ್ನು ಹಣೆಯಿಂದ ಹಿಂದಲೆಯವರೆಗೆ ಎರಡು ಮಡಿಕೆಯಾಗಿ ಹಿಡಿದು, ಟೋಪಿಯನ್ನು ಇವತ್ತಿನ ಅಳತೆಗೆ ತಂದೆ. ಮಡಿಕೆ ಒಳಗೆ ಹೋದರೆ ಎಳೆಯ ಚರ್ಮಕ್ಕೆ ಒತ್ತಿ ಹುಣ್ಣಾಗುತ್ತದೆ. ಆದ್ದರಿಂದ ಎಲ್ಲ ಹೊಲಿಗೆಯನ್ನೂ ಹೊರಕ್ಕೆ ತಿರುಗಿಸಿದೆ. ಹೊಲಿಗೆ ಹೊರಗೆ ಕಾಣುವುದೆಂದರೆ ದರ್ಜಿಗೆ ಅಂಗಿ ತಿರುವಿ ಹಾಕಿಕೊಂಡು ಬೀದಿಗೆ ಹೋದಷ್ಟು ಅವಮಾನ. ಆಗಲಿ ಎಂದೆ. ಯಂತ್ರದಲ್ಲಿ ಹೊಲಿದರೆ ಬನಿಯನ್ ಬಟ್ಟೆ ಎಳೆದುಕೊಳ್ಳುತ್ತದೆ, ಅದಕ್ಕೇ ಕೈಯಲ್ಲೇ ಹೊಲಿದೆ. ಮಧ್ಯೆ ಲಿಫ್ಟು ಮೂರು ಸಲ ಬಾಗಿಲು ತೆರೆಯಿತು. "ತಪ್ಪಿ ಬಂದ್ವಿ" ಎಂದವರಿಗೆ "ಹೂಂ" ಎನ್ನಲೂ ಇಲ್ಲ.

ನಾನೇ ಮೇಲೆ ತೆಗೆದುಕೊಂಡು ಹೋದೆ. ನೆತ್ತಿಯ ಮೇಲೆ ಎರಡು ಹಳದಿ ಮಡಿಕೆ ನೆಟ್ಟಗೆ ನಿಂತಿದ್ದನ್ನು ಕಂಡು ಒಬ್ಬ ನರ್ಸು, "ಇದೇನು ಮಾಸ್ಟ್ರೇ, ಹುಂಜದ ಜುಟ್ಟು?" ಎಂದಳು. ದೊಡ್ಡ ಸಿಸ್ಟರ್ ನಗಲಿಲ್ಲ. ಒಳಗೆ ಬೆರಳಾಡಿಸಿ ನೋಡಿದರು, ಹೊರಗಿನ ಮಡಿಕೆ ಮುಟ್ಟಿ ನೋಡಿದರು, ನನ್ನ ಮುಖ ನೋಡಿದರು. ಏನೂ ಕೇಳದೆ ಮಗುವಿಗೆ ತೊಡಿಸಿ ಪಟ್ಟಿ ಅಂಟಿಸಿದರು.

"ಬೆರಳು ತೆಗಿಯಮ್ಮ."

ತಾಯಿ ತೆಗೆಯಲಿಲ್ಲ.

"ತೆಗಿ, ನಾನಿದೀನಿ."

ಅವಳು ಒಂದು ಬೆರಳು ಎತ್ತಿದಳು. ಆಮೇಲೆ ಇನ್ನೊಂದು. ಮಾಸ್ಕು ಅಲುಗಲಿಲ್ಲ. ಯಂತ್ರದ ಕೂಗು ನಿಂತಿತು. ನಾವೆಲ್ಲ ಆ ಪಕ್ಕೆಲುಬಿನ ಕೆಳಗಿನ ಗುಳಿಯನ್ನೇ ನೋಡುತ್ತಾ ನಿಂತೆವು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಗುಳಿ ಇತ್ತು, ಆದರೆ ಮೊದಲಿನಷ್ಟು ಆಳವಿರಲಿಲ್ಲ. ಮೇಡಂ ಹುಬ್ಬು ಗಂಟಿಕ್ಕಿಕೊಂಡೇ ನಿದ್ದೆಹೋದಳು. ತಾಯಿ ಕುರ್ಚಿಯಲ್ಲಿ ಕುಸಿದಳು. ಅವಳ ಎರಡು ಬೆರಳು ಇನ್ನೂ ಏನನ್ನೋ ಒತ್ತಿ ಹಿಡಿದಂತೆ ಬಾಗಿಯೇ ಇದ್ದವು.

"ಇನ್ನು ನೀವು ಹೊರಡಿ ಮಾಸ್ಟ್ರೇ" ಎಂದರು ಸಿಸ್ಟರ್. ಹೊರಟೆ. ಕೆಲಸ ಮುಗಿದ ಮೇಲೆ ದರ್ಜಿಗೆ ಅಲ್ಲೇನು ಕೆಲಸ.

ಆಮೇಲಿನ ದಿನಗಳೇ ಕಷ್ಟವಾದವು. ಮೇಲೆ ಏನಾಯಿತೆಂದು ಕೆಳಗೆ ಯಾರೂ ಹೇಳುವುದಿಲ್ಲ. ನನಗೆ ಬರುವ ಸುದ್ದಿ ಒಂದೇ, ಚೀಟಿ. ಬೆಳಗ್ಗೆ ಬಂದ ಕೂಡಲೇ ಬಗ್ಗಿ ಚಿಕ್ಕ ಬಿಳಿ ಬಟ್ಟೆಗಳನ್ನು ಎಣಿಸುತ್ತಿದ್ದೆ. ಏಳಿದ್ದವು. ಸಂಜೆ ಹೋಗುವಾಗಲೂ ಏಳಿದ್ದರೆ ಅವತ್ತು ಊಟ ಸೇರುತ್ತಿತ್ತು. ಮನೆಯಲ್ಲಿ ಯಾರಿದ್ದಾರೆ ಹೇಳಿಕೊಳ್ಳಲು? ಕವುಚಿಟ್ಟ ಲೋಟಕ್ಕೆ ಹೇಳಿದೆ, "ಇವತ್ತೂ ಏಳೇ ಕಣೇ" ಎಂದು.

ಮೂರನೇ ದಿನ ಚೀಟಿ ಬಂತು. ಚಿಕ್ಕದು, ಒಂದು.

ಚೀಟಿ ತಂದ ಆಯಾಳನ್ನು ಕೇಳಲು ಬಾಯಿ ಬರಲಿಲ್ಲ. ಬಟ್ಟೆ ಕೊಟ್ಟೆ. ಅವಳು ಹೋದ ಮೇಲೆ ಕೂತೆ, ಎದ್ದೆ, ಲಿಫ್ಟಿಗೆ ಕಾಯಲಾಗದೆ ಮೆಟ್ಟಿಲು ಹತ್ತಿದೆ. ಮೂರು ಮಹಡಿ ಹತ್ತುವಷ್ಟರಲ್ಲಿ ನನಗೇ ಗಾಳಿ ಹಾಕಬೇಕಾದ ಸ್ಥಿತಿ. ಗಾಜಿನಿಂದ ಇಣುಕಿದರೆ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಹಳದಿ ಜುಟ್ಟು ಕಾಣಿಸಿತು. ಪಕ್ಕೆಲುಬಿನ ಕೆಳಗೆ ಗುಳಿಯಿರಲಿಲ್ಲ. ಚೀಟಿ ಬೇರೆ ಯಾರದೋ ಮಗುವಿನದು. ಅಬ್ಬ ಎಂದುಕೊಂಡೆ. ಆ ಮಾತು ಮನಸ್ಸಿನಲ್ಲಿ ಬಂದದ್ದೇ ತಡ, ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆ ಮಗುವಿಗೂ ಒಬ್ಬಳು ತಾಯಿ ಎಲ್ಲೋ ಬೆರಳು ಒತ್ತಿ ಹಿಡಿದಿರಬೇಕು. ಮೆಟ್ಟಿಲ ಮೇಲೆ ಕೂತು ಅತ್ತೆ. ಅರವತ್ತೊಂದು ವರ್ಷದವನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರೆ ಆಸ್ಪತ್ರೆಯಲ್ಲಿ ಯಾರೂ ಏನೆಂದು ಕೇಳುವುದಿಲ್ಲ, ಪಕ್ಕಕ್ಕೆ ಸರಿದು ಹೋಗುತ್ತಾರೆ.

ಮರುದಿನ ಮಾಸ್ಕು ತೆಗೆದು ಮೂಗಿಗೆ ಸಣ್ಣ ನಳಿಕೆಯ ಗಾಳಿ ಇಟ್ಟರಂತೆ, ಆಮೇಲೆ ಅದನ್ನೂ ಇಳಿಸಿದರಂತೆ. ಇದೆಲ್ಲ ನನಗೆ ತಿಳಿದದ್ದು ಹತ್ತು ದಿನದ ಮೇಲೆ, ಅಂಗಿಗಳ ಲಾಡಿ ನೋಡುವ ನೆಪ ಮಾಡಿಕೊಂಡು ಮೇಲೆ ಹೋದಾಗ. ಹಾಸಿಗೆಯಲ್ಲಿ ಬೇರೆ ಮಗುವಿತ್ತು.

"ಮೇಡಂ ಮನೆಗೆ ಹೋದ್ರು ಮೊನ್ನೆ" ಎಂದರು ದೊಡ್ಡ ಸಿಸ್ಟರ್. "ಹೋಗೋವಾಗ ಸ್ವರ ಬಂದಿತ್ತು. ವಾರ್ಡೆಲ್ಲ ಕೇಳೋ ಹಾಗೆ ಅತ್ಲು."

"ಟೋಪಿ?"

"ತಗೊಂಡು ಹೋದ್ರೇನೋ. ಯಾಕೆ?"

"ಏನಿಲ್ಲ, ಲೆಕ್ಕಕ್ಕೆ" ಎಂದೆ.

ಸಂತೋಷವೇ ಆಯಿತು, ನಿಜ. ಆದರೆ ಹೋಗುವಾಗ ಒಂದು ಸಲ ಆ ಕೆಳಗಿನ ಗುಂಡಿ ಒತ್ತಬಹುದಿತ್ತಲ್ಲ ಎಂದೂ ಅನ್ನಿಸಿತು. ಒತ್ತಲು ಅವರಿಗೆ ನನ್ನ ಕೋಣೆ ಎಲ್ಲಿದೆಯೆಂದು ಗೊತ್ತಿದ್ದರೆ ತಾನೇ. ಮತ್ತೆ ದಿಂಬಿನ ಚೀಲ, ಹರಿದ ಹಾಸುಬಟ್ಟೆ. ಮತ್ತೆ "ತಪ್ಪಿ ಬಂದ್ವಿ."

ಎಂಟು ತಿಂಗಳಾಗಿರಬೇಕು. ಚಳಿ ಶುರುವಾಗಿತ್ತು. ಲಿಫ್ಟಿನ ಬಾಗಿಲು ತೆರೆಯಿತು. ತಲೆ ಎತ್ತದೆ, "ತಪ್ಪಿ ಬಂದ್ರಿ, ಮೇಲಿಂದು ಒತ್ತಿ" ಎಂದೆ.

"ಇಲ್ಲ ತಾತ, ನಿಮ್ಮನ್ನೇ ಹುಡುಕ್ಕೊಂಡು ಬಂದೆ."

ತಾಯಿ. ಒಬ್ಬಳೇ ಇದ್ದಳು. ಅವಳ ಹಿಂದಿನ ಖಾಲಿ ಲಿಫ್ಟನ್ನು ನೋಡಿದೆ. ಅವಳು ನನ್ನ ಮುಖ ನೋಡಿ ಬೇಗ ಬೇಗ ಹೇಳಿದಳು, "ಪುಟ್ಟಿ ಮೇಲಿದಾಳೆ, ಅವರಪ್ಪನ ಜೊತೆ. ಚೆಕಪ್ಪಿಗೆ ಬಂದಿದ್ವಿ. ಚೆನ್ನಾಗಿದಾಳೆ, ಓಡಾಡ್ತಾಳೆ. ಕೆಳಗೆ ಮಕ್ಕಳನ್ನ ಬಿಡಲ್ಲ ಅಂದ್ರು." ಚೀಲದಿಂದ ಟೋಪಿ ತೆಗೆದಳು. "ಇದಿಲ್ದೆ ಮಲ್ಗೋದೇ ಇಲ್ಲ ತಾತ. ಈಗ ಬಿಗಿಯಾಗ್ತಿದೆ, ಹಣೆ ಮೇಲೆ ಗೆರೆ ಬೀಳತ್ತೆ. ದೊಡ್ಡ ಸಿಸ್ಟರ್ ಹೇಳಿದ್ರು, ಈ ಜುಟ್ಟು ಬಿಚ್ಚಿದ್ರೆ ದೊಡ್ಡದಾಗತ್ತೆ, ಅದಕ್ಕೇ ಇಟ್ಟಿರೋದು ಅಂತ. ಹೌದಾ?"

ಸಿಸ್ಟರಿಗೆ ಅವತ್ತೇ ಗೊತ್ತಾಗಿತ್ತು ಹಾಗಾದರೆ.

ಟೋಪಿಯನ್ನು ಕೈಗೆ ತೆಗೆದುಕೊಂಡೆ. ಒಗೆದು ಒಗೆದು ಬಣ್ಣ ಮಾಸಿ ಬಿಳಿಚಿಕೊಂಡಿತ್ತು. ಒಳಗೆ ಒಂದು ಎಳೆ ಕೂದಲು ಸಿಕ್ಕಿಕೊಂಡಿತ್ತು. ಮೊದಲ ಮಡಿಕೆಯ ದಾರವನ್ನು ಸೂಜಿಯ ತುದಿಯಿಂದ ಒಂದೊಂದಾಗಿ ಎತ್ತಿ ಎಳೆದೆ. ಮಡಿಕೆ ಬಿಚ್ಚಿಕೊಂಡಿತು. ಟೋಪಿಯನ್ನು ತಿರುವಿದರೆ, ಮಡಿಕೆಯೊಳಗೆ ಬೆಳಕು ಕಾಣದೆ ಉಳಿದ ಒಳಮೈ ಹೊಚ್ಚ ಹೊಸದಾಗಿತ್ತು. ಮಾಸಿದ ಟೋಪಿಯ ನಡುವೆ ಹಣೆಯಿಂದ ಹಿಂದಲೆಗೆ ಒಂದು ಬೆರಳು ಅಗಲದ ಕಡು ಹಳದಿ ಪಟ್ಟಿ. ಈ ಎಂಟು ತಿಂಗಳಲ್ಲಿ ಆ ಮಗು ಅಷ್ಟು ಬೆಳೆದಿತ್ತು.

"ಅಯ್ಯೋ, ಬಣ್ಣ ಎರಡಾಯ್ತಲ್ಲ" ಎಂದಳು ಅವಳು, ನಗುತ್ತಾ.

ಕನ್ನಡಕ ಒರೆಸಿಕೊಂಡು ಅಂಚು ಹೊಲಿದು ಕೊಟ್ಟೆ. ಅವಳು ಪಟ್ಟಿಯ ಮೇಲೆ ಬೆರಳಾಡಿಸಿದಳು, ಅವೇ ಎರಡು ಬೆರಳು. ಲಿಫ್ಟು ಬಂದು ನಿಂತಿತ್ತು.

"ಇನ್ನೊಂದು ಮಡಿಕೆನೂ ಬಿಚ್ಲಾ?" ಎಂದೆ.

"ಬೇಡ ತಾತ. ಅದು ಮುಂದಿನ ವರ್ಷಕ್ಕೆ ಇರ್ಲಿ" ಎಂದು ಅವಳು ಮೇಲಿನ ಗುಂಡಿ ಒತ್ತಿದಳು.